ದಾರಿಯ ಅಂಚಿನಲ್ಲಿ ನಡೆದ ನಾಯಿ

ನಾನು ಏನನ್ನೂ ಕಾಣಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಂಡದ್ದು ನಾಯಿಗೆ. ನಾನು ಆ ನಾಯಿಯನ್ನು ಕಂಡೆ, ಅಷ್ಟೆ.

ಗುಡ್ನಾಪುರದ ಆಚೆ ಒಂದು ದೊಡ್ಡ ಕೆರೆಯ ನಡುವೆ ನಡುಗಡ್ಡೆಯೊಂದಿತ್ತು. ಸುತ್ತಲಿನವರು ಅದನ್ನು ದಿಬ್ಬ ಎನ್ನುತ್ತಿದ್ದರು. ಅದರ ಮೇಲೆ ಇದ್ದದ್ದು ಒಂದೇ ಮನೆ, ನನ್ನ ಚಿಗವ್ವನದು, ಅಂದರೆ ಚಿಕ್ಕಮ್ಮನದು. ಅವಳ ಗಂಡ, ನಮ್ಮ ಕಾಕಾ, ಅಲ್ಲಿ ಬದನೆ, ಮೆಣಸಿನಕಾಯಿ ಬೆಳೆದು ದೋಣಿಯಲ್ಲಿ ದಡಕ್ಕೆ ಸಾಗಿಸಿ ಬನವಾಸಿಯ ಸಂತೆಗೆ ಒಯ್ಯುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನಮ್ಮ ಸೀಮೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ವರ್ಷಗಳಲ್ಲಿ, ಬೇಸಿಗೆ ರಜೆ ಬಂತೆಂದರೆ ನಾನು ಶಿರಸಿಯಲ್ಲಿ ಬಸ್ಸು ಹತ್ತುತ್ತಿದ್ದೆ. ನಾಯಿ ನಮ್ಮ ಶಿರಸಿ ಮನೆಯ ಹಿತ್ತಿಲಲ್ಲೇ ಹುಟ್ಟಿದ್ದು. ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡದ್ದು. ಮರಿಯಾಗಿದ್ದಾಗ ಕಾಕಾ ಅದನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿ ಒಯ್ದಿದ್ದರು.

ಆಮೇಲೆ ಅದು ದಿಬ್ಬ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅದರ ಲೋಕದ ಸುತ್ತ ನೀರು. ನಮ್ಮ ರಜೆ ಅದಕ್ಕೆ ಹೇಗೆ ಕಾಣುತ್ತಿತ್ತೆಂದು ಆಗಲೂ ಯೋಚಿಸುತ್ತಿದ್ದೆ. ಹಗುರಾಗಿ ಬರುವ ದೋಣಿ ಒಂದು ದಿನ ಭಾರವಾಗಿ ಬರುತ್ತದೆ. ಟ್ರಂಕಿನ ವಾಸನೆ, ಬಸ್ಸಿನ ವಾಸನೆ. ರೊಟ್ಟಿ ಹೆಚ್ಚು ಸಿಗುತ್ತದೆ, ಮಧ್ಯಾಹ್ನದ ನೆರಳಿನಲ್ಲಿ ಯಾರೋ ಕಿವಿಯ ಹಿಂದೆ ಕೆರೆಯುತ್ತಾರೆ. ಮೋಡ ಕಟ್ಟುವ ಹೊತ್ತಿಗೆ ಆ ಯಾರೋ ನೀರಿನ ಮೇಲೆ ಚಿಕ್ಕದಾಗುತ್ತ ಹೋಗಿ ಇಲ್ಲವಾಗುತ್ತಾರೆ. ಮುಂದಿನ ಬೇಸಿಗೆಗೆ ಅದೇ ನೀರಿನಿಂದ ಬರುತ್ತಾರೆ. ನೀರಿಗೆ ಹೋದವರು ಬಾರದೆ ಇರಬಹುದು ಎಂದು ಆ ನಾಯಿಗೆ ಯಾರೂ ಕಲಿಸಿರಲಿಲ್ಲ.

ನಾನು ಹೈಸ್ಕೂಲು ಮುಗಿಸಿದ ವರ್ಷ, ಶಿವರಾತ್ರಿ ಕಳೆದ ಮೇಲೆ, ಸಂತೆಗೆ ಹೋದ ಕಾಕಾ ಮರಳಲಿಲ್ಲ. ಅವರು ಸಂಜೆ ದಡದಿಂದ ದೋಣಿ ಬಿಟ್ಟದ್ದನ್ನು ಕಂಡವರಿದ್ದರು. ಮರುದಿನ ದೋಣಿ ತಾವರೆ ಬಳ್ಳಿಗಳ ನಡುವೆ ಕವುಚಿ ಬಿದ್ದಿತ್ತು. ಬಲೆ ಬೀಸಿದರು, ಮುಳುಗಿ ಹುಡುಕಿದರು. ಸಿಗಲಿಲ್ಲ. ರಜೆಗೆ ನಾನು ಹೋದಾಗ ಚಿಗವ್ವನ ಕೈಯಲ್ಲಿ ಹಸಿರು ಬಳೆಗಳು ಹಾಗೇ ಇದ್ದವು, ಹಣೆಯಲ್ಲಿ ಕುಂಕುಮವೂ ಇತ್ತು.

ಯಾಕೆಂದು ಮೊದಲ ಸಂಜೆಯೇ ಕಂಡಿತು. ಹೊತ್ತು ಇಳಿಯುತ್ತಿದ್ದ ಹಾಗೆ ನಾಯಿ ಎದ್ದು ದೋಣಿ ಕಟ್ಟುವ ಜಾಗಕ್ಕೆ ಹೋಯಿತು. ನೀರು ನೋಡುತ್ತ ನಿಂತಿತು. ಬಾಲ ಆಡತೊಡಗಿತು. ಆಮೇಲೆ ತಿರುಗಿ ಮನೆಯ ದಾರಿ ಹಿಡಿಯಿತು. ಓಡಲಿಲ್ಲ. ಒಂದಿಷ್ಟು ನಡೆದು ನಿಂತು, ಹಿಂದೆ ನೋಡಿ, ಮತ್ತೆ ನಡೆಯುತ್ತಿತ್ತು. ಕಾಕಾನ ಎಡಗಾಲು ಕುಂಟು. ಅವರ ಜೊತೆ ನಾಯಿ ಹೀಗೆಯೇ ಬರುತ್ತಿತ್ತು. ಹುಣಸೆಮರದ ಹತ್ತಿರ ಅವರು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ಅಲ್ಲಿ ನಾಯಿ ಕುಳಿತು ಕಾಯಿತು. ಬಾಗಿಲ ಮುಂದೆ ಮೆಟ್ಟಿಲಾಗಿ ಹಾಕಿದ್ದ ಹಳೆಯ ಕೆತ್ತನೆಯ ಕಲ್ಲಿನ ತನಕ ಬಂದು, ಪಕ್ಕಕ್ಕೆ ಸರಿದು ನಿಂತಿತು. ಚಿಗವ್ವ ಚೊಂಬಿನ ನೀರನ್ನು ಆ ಕಲ್ಲಿನ ಮೇಲೆ ಮೆಲ್ಲಗೆ ಹೊಯ್ದಳು, ಹೊರಗಿನಿಂದ ಬಂದವರ ಕಾಲಿಗೆ ಹೊಯ್ಯುವ ಹಾಗೆ.

ನಾನು ಹೋಗಿ ನೆಲ ನೋಡಿದೆ. ಧೂಳಿನಲ್ಲಿ ನಾಯಿಯ ಹೆಜ್ಜೆಗಳು ಮಾತ್ರ ಇದ್ದವು. ಆದರೆ ಅವು ದಾರಿಯ ನಡುವೆ ಇರಲಿಲ್ಲ. ಉದ್ದಕ್ಕೂ ಅಂಚಿನಲ್ಲಿದ್ದವು, ಜೊತೆಗೆ ಬರುವವರಿಗೆ ಜಾಗ ಬಿಟ್ಟ ಹಾಗೆ. ಇನ್ನೊಂದು ಸಂಜೆ ಬೇಕೆಂದೇ ದಾರಿಯ ನಡುವೆ ನಿಂತೆ. ನಾಯಿ ನಿಂತಿತು. ನನ್ನನ್ನು ನೋಡಿತು, ನನ್ನ ಎದುರಿಗೆ ಇದ್ದ ಬರಿಯ ಜಾಗವನ್ನು ನೋಡಿತು. ನಾನು ಸರಿದುಕೊಂಡ ಮೇಲೆಯೇ ಮುಂದೆ ನಡೆದದ್ದು. ನಾನು ಮತ್ತೆ ಹಾಗೆ ನಿಲ್ಲಲಿಲ್ಲ.

ಕಾಕಾನ ಅಣ್ಣ ದಡದ ಊರಿನಲ್ಲಿದ್ದರು. ಮಳೆಗೆ ಮುಂಚೆ ಅವರ ಮಗಳ ಮದುವೆ. ಅದಕ್ಕೆ ಮೊದಲು ಮುತ್ತೈದೆಯರು ಸೇರಿ ಅರಿಶಿನ ಕುಟ್ಟಬೇಕು, ಒನಕೆಗೆ ಮೊದಲು ಕೈ ಹಚ್ಚಬೇಕಾದವಳು ನಮ್ಮ ಚಿಗವ್ವ. ಕರೆದರೆ ಗಂಡ ಸತ್ತವಳ ಕೈಯಿಂದ ಕುಟ್ಟಿಸಿದರೆಂದು ಬೀಗರು ಎದ್ದು ಹೋದಾರು. ಕರೆಯದಿದ್ದರೆ ತಮ್ಮನನ್ನು ತಾವೇ ಸತ್ತನೆಂದು ಸಾರಿದ ಹಾಗೆ. ಅವರು ಬಂದು ಜಗಲಿಯ ಮೇಲೆ ಕುಳಿತು ಬಹಳ ಹೊತ್ತು ಅಡಿಕೆ ಕತ್ತರಿಸಿದರು.

“ಒಂದು ಮಾತು ಹೇಳು ತಂಗಿ. ನಿನ್ನ ಕರೀಲೋ, ಬಿಡಲೋ?”

“ದಿನಾ ಸಂಜೀಕ ಬರಾಕತ್ತಾರ್ರಿ ಭಾವಾರ. ಹೆಂಗ ಹೇಳ್ಲಿ?”

“ನಾನು ಇಷ್ಟು ಸಲ ದೋಣಿ ಹತ್ತಿ ಬಂದು ಹೇಳಿದ್ದು ಕಿವಿಗೆ ಹೋಗಲಿಲ್ಲ. ನಾಯಿ ಹೇಳಿದ್ದು ಹೋತು.”

“ನಾಯಿ ನನಗ ಸುಳ್ಳು ಹೇಳಿಲ್ರಿ.”

ಅವರು ಅಡಕತ್ತು ಮಡಚಿ ಎದ್ದರು. “ನಾಳೆ ಬರ್ತೀನಿ. ನಾಯೀನ ಕೇಳಿ ಇಡು,” ಎಂದರು. ನಗಿಸಲು ಹೇಳಿದ ಮಾತಲ್ಲ.

ಅವರು ಹೋದ ಮೇಲೆ ಚಿಗವ್ವ ನೆಲ ನೋಡುತ್ತ ಕುಳಿತಳು. ಆ ಕಡೆ ಮನೆ ಬಿಡುವವರು ಹೋಗುತ್ತೇನೆ ಎಂದಷ್ಟೇ ಹೇಳುವುದಿಲ್ಲ, ಹೋಗಿ ಬರುತ್ತೇನೆ ಎನ್ನಬೇಕು. ಉಳಿದವರು ಹೋಗಿ ಬಾ ಎನ್ನಬೇಕು. ಸುತ್ತ ನೀರಿರುವ ಆ ಮನೆಯಲ್ಲಂತೂ ಅದು ತಪ್ಪುತ್ತಿರಲಿಲ್ಲ.

“ಆವತ್ತು ಹೋಗಿ ಬರ್ರಿ ಅಂದಿದ್ದೆ,” ಎಂದಳು. “ಅವರು ನನ್ನ ಮಾತು ಮೀರಿದವರಲ್ಲ. ಅದಕ್ಕ ಬರಾಕತ್ತಾರ.”

“ಬಂದ್ರ ಛಲೋ ಅಲ್ಲೇನ ಚಿಗವ್ವಾ?”

“ಉಣ್ಣೂದಿಲ್ಲ, ಮಲಗೂದಿಲ್ಲ. ಆ ಕಲ್ಲಿನ ಮಟ ಬಂದು ನಿಲ್ತಾರ. ಕುಂಟ ಕಾಲಾಗ ದಿನಾ ಅಷ್ಟು ದೂರ ನಡಿಸಾಕತ್ತೀನಿ ನೋಡು.”

ಸಂಜೆ ನಾಯಿ ಎಂದಿನಂತೆ ಕರೆತಂದಿತು. ಬೇರೆ ಪದ ನನಗೆ ಸಿಕ್ಕಿಲ್ಲ. ಚಿಗವ್ವ ಕಲ್ಲಿನ ಮೇಲೆ ನೀರು ಹೊಯ್ದಳು. ಚೊಂಬು ಕೆಳಗಿಟ್ಟು ದೋಣಿಯ ದಾರಿಯಲ್ಲಿ ನಡೆದಳು. ಅವಳು ಒಂದು ಅಂಚಿನಲ್ಲಿ, ನಾಯಿ ಇನ್ನೊಂದು ಅಂಚಿನಲ್ಲಿ. ನಡುವಿನ ದಾರಿ ಖಾಲಿ. ನಾನು ನಾಲ್ಕು ಹೆಜ್ಜೆ ಹಿಂದಿದ್ದೆ. ಹುಣಸೆಮರದ ಹತ್ತಿರ ಇಬ್ಬರೂ ನಿಂತರು, ಮತ್ತೆ ನಡೆದರು. ನೀರಿನ ಅಂಚಿಗೆ ಬಂದಾಗ ಚಿಗವ್ವ ಸೆರಗು ಸರಿಮಾಡಿಕೊಂಡಳು.

“ಇನ್ನ ಹೋಗ್ರಿ,” ಎಂದಳು. ಅಷ್ಟೇ. ಮುಂದಿನ ಪದ ಹೇಳಲಿಲ್ಲ. ಅದು ಬಾರದಂತೆ ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಗಾಳಿ ಇರಲಿಲ್ಲ. ಕೆರೆಯ ಮೇಲೆ ದೋಣಿ ಇರಲಿಲ್ಲ, ಹಕ್ಕಿಯೂ ಇರಲಿಲ್ಲ. ನಾನು ಚೆನ್ನಾಗಿ ನೋಡಿದೆ. ನಾಯಿಯ ತಲೆ ಮಾತ್ರ ಮೆಲ್ಲಗೆ ತಿರುಗುತ್ತಿತ್ತು, ಚಿಗವ್ವನ ಕಾಲ ಬುಡದಿಂದ ತಾವರೆ ಬಳ್ಳಿಗಳ ಕಡೆಗೆ, ದೂರವಾಗುವ ಏನನ್ನೋ ಅನುಸರಿಸುವ ಹಾಗೆ. ಬಾಲ ಆಡುತ್ತಿತ್ತು, ನಿಧಾನವಾಯಿತು, ನಿಂತಿತು. ಆಮೇಲೆ ಅದು ನೀರಿಗೆ ಬೆನ್ನು ಹಾಕಿ ಮನೆಗೆ ಓಡಿತು. ನಾನು ಹೋದಂದಿನಿಂದ ಆ ದಾರಿಯಲ್ಲಿ ಅದು ಓಡಿದ್ದನ್ನು ಕಂಡಿರಲಿಲ್ಲ.

ಚಿಗವ್ವ ಬಟ್ಟೆ ಒಗೆಯುವ ಕಲ್ಲಿಗೆ ಕೈ ಬಡಿದು ಬಳೆ ಒಡೆದುಕೊಂಡಳು. ಯಾರನ್ನೂ ಕರೆಯಲಿಲ್ಲ. ಮರುದಿನ ಭಾವ ಬಂದಾಗ ಬಾಗಿಲಲ್ಲೇ ಹೇಳಿದಳು: “ಹಂದರ ಹಾಕ್ರಿ. ಅರಿಶಿನ ಕುಟ್ಟಾಕ ನನ್ನ ಕರೀಬ್ಯಾಡ್ರಿ.” ಅವರು ಅವಳ ಕೈ ನೋಡಿದರು, ನಾಯಿಯ ಕಡೆ ನೋಡಿದರು.

ರಜೆ ಮುಗಿದು ನಾನು ದೋಣಿಯಲ್ಲಿ ಕುಳಿತಾಗ ಅಭ್ಯಾಸದಂತೆ ಹೋಗಿ ಬರುತ್ತೇನೆ ಎನ್ನಲು ಬಾಯಿ ತೆರೆದೆ. ಚಿಗವ್ವ ಕೈ ಎತ್ತಿ ತಡೆದಳು. “ಸುಮ್ನ ಕೂಡು,” ಎಂದಳು. ನಾನು ಆ ಮಾತು ಹೇಳದೆಯೇ ಹೊರಟೆ. ಬೀಳ್ಕೊಡಲು ನಾಯಿ ಬಂದಿರಲಿಲ್ಲ. ದೂರದಿಂದ ತಿರುಗಿ ನೋಡಿದಾಗ ಅದು ಹುಣಸೆಮರದ ಹತ್ತಿರ ಮಲಗಿತ್ತು, ದಾರಿಯ ನಟ್ಟನಡುವೆ.