ಮನೆ ಸಿಮ್ಮು, ಪೇಟೆ ಸಿಮ್ಮು

ಆತ್ಮಕ್ಕೆ ದೇಹ ಬೇಕೇ ಬೇಡವೇ ಎಂಬುದು ತಿಳಿದವರು ತಲೆತಲಾಂತರದಿಂದ ಚರ್ಚಿಸಿದ ಪ್ರಶ್ನೆ. ನಮ್ಮ ಮನೆಯಲ್ಲಿ ಅದು ಎದ್ದದ್ದು ಸಿಮ್ ಕಾರ್ಡಿನ ಬಗ್ಗೆ.

ಸಿದ್ಧಕಟ್ಟೆಯಿಂದ ಆಚೆ ನಮ್ಮ ಮನೆ ಇರುವುದು ಒಂದು ತಗ್ಗಿನಲ್ಲಿ. ಅಲ್ಲಿಗೆ ಒಂದೇ ಕಂಪೆನಿಯ ಸಿಗ್ನಲ್ ಇಳಿಯುತ್ತದೆ, ಅದೂ ಬಾವಿಕಟ್ಟೆಯ ಹತ್ತಿರ. ಆ ನಂಬರಿಗೆ ಮನೆ ಸಿಮ್ಮು ಎಂದು ಹೆಸರು. ಇನ್ನೊಂದು ಪೇಟೆ ಸಿಮ್ಮು. ಗುಡ್ಡ ಹತ್ತಿ ರಸ್ತೆ ಮುಟ್ಟಿದ ಮೇಲೆಯೇ ಅದಕ್ಕೆ ಜೀವ. ಮನೆಯಲ್ಲಿ ಉಳಿಯುವವರಿಗೆ ಮನೆ ಸಿಮ್ಮು, ಹೊರಗೆ ಹೋಗುವವರಿಗೆ ಪೇಟೆ ಸಿಮ್ಮು ಎಂದು ನನಗೂ ಹೆಂಡತಿಗೂ ಒಪ್ಪಂದ. ನಾನು ಮನೆಯಲ್ಲಿರುವಾಗ ಮನೆ ಸಿಮ್ಮು ನನ್ನ ಫೋನಿನಲ್ಲಿ; ಹೊರಡುವ ದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಅವಳು ಸೆರಗಿನ ಪಿನ್ನು ಕೊಡುತ್ತಿದ್ದಳು. ನಾನು ಎರಡೂ ಫೋನಿಗೆ ಚುಚ್ಚಿ ಕಾರ್ಡು ಅದಲುಬದಲು ಮಾಡುತ್ತಿದ್ದೆ. ವರ್ಷಗಟ್ಟಲೆ ಹೀಗೆ ನಡೆದು, ಮನೆ ಸಿಮ್ಮಿನ ಹೊಂಬಣ್ಣ ಸವೆದು, ಕೊನೆಗೊಂದು ದಿನ ಫೋನು ಅದರ ಗುರುತೇ ಇಲ್ಲ ಎಂದಿತು.

ಆಗ ಹೆಂಡತಿಯ ತಮ್ಮ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ.

"ಭಾವ, ಈಗಲೂ ಕಾರ್ಡಾ? ಇ-ಸಿಮ್ ಮಾಡಿಸುವ. ಸವೆಯುವುದಿಲ್ಲ, ಕಳೆದುಹೋಗುವುದಿಲ್ಲ. ಫೋನು ಕದ್ದವನಿಗೆ ತೆಗೆದು ಬಿಸಾಡಲಿಕ್ಕೂ ಆಗುವುದಿಲ್ಲ."

"ಕಾಣಲಿಕ್ಕೆ ಉಂಟಾ?"

"ಇಲ್ಲ. ಫೋನಿನ ಒಳಗೇ ಉಂಟು."

"ಮತ್ತೆ ಉಂಟು ಅಂತ ಹೇಗೆ ಗೊತ್ತಾಗುವುದು?"

"ಭಾವ, ಗಾಳಿ ಕಾಣ್ತದಾ?"

ಮೂಡುಬಿದಿರೆಯ ಅಂಗಡಿಯಲ್ಲಿ ಕೆಲಸ ಆಯಿತು. ಅವನ ಫೋನಿನಲ್ಲಿ ಬಂದ ಕ್ಯೂಆರ್ ಕೋಡೆಂಬ ಚೌಕದ ಚಿತ್ರವನ್ನು, ಅವನೇ ತಂದುಕೊಟ್ಟ ನನ್ನ ಹೊಸ ಫೋನು ನೋಡಿತು. ಮನೆ ಸಿಮ್ಮು ದೇಹ ಬಿಟ್ಟಿತು. ಪೇಟೆ ಸಿಮ್ಮಿನ ಕಾರ್ಡನ್ನೂ ಅವನು ಅದೇ ಫೋನಿಗೆ ತುರುಕಿದ. ಹೆಂಡತಿಯ ಹಳೆಯ ಫೋನಿಗೆ ಇ-ಸಿಮ್ ಹಿಡಿಯುವ ಯೋಗ್ಯತೆ ಇರಲಿಲ್ಲ. ಆದ್ದರಿಂದ ಹೊಸ ಕಾನೂನು ಬಂತು: ನಾನು ಹೊರಗೆ ಹೋಗುವಾಗ ಪೇಟೆ ಕಾರ್ಡನ್ನು ಅವಳ ಫೋನಿಗೆ ಹಾಕಿ, ಆ ಫೋನನ್ನೇ ಒಯ್ಯಬೇಕು, ನನ್ನ ಫೋನು ಮನೆಯಲ್ಲಿರಬೇಕು. ಇದನ್ನು ಎರಡೆರಡು ಸಲ ಹೇಳಿ ಅವನು ವಿಮಾನ ಹತ್ತಿದ.

ಮುಂದಿನ ತಿಂಗಳು ಶಾರ್ಜಾದಲ್ಲಿರುವ ನಮ್ಮ ಮಗಳು ಎರಡನೆಯ ಹೆರಿಗೆಗೆ ಆಸ್ಪತ್ರೆ ಸೇರಿದಳು. ಹೆಂಡತಿಗೆ ಇದ್ದದ್ದು ಒಂದೇ ಆಸೆ: ಸುದ್ದಿ ಮಗಳ ಬಾಯಿಂದ ಮೊದಲು ತನ್ನ ಕಿವಿಗೆ ಬೀಳಬೇಕು. ಕಳೆದ ಸಲ ಅದು ನನಗೆ ಬಂದಿತ್ತು. ನಾನು ಊಟ ಮುಗಿಸಿ, ಕೈ ತೊಳೆದು ಹೇಳಿದ್ದೆ. ಆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಅದೇ ದಿನ ಬೆಳಿಗ್ಗೆ ನಾನು ಗುರುವಾಯನಕೆರೆಗೆ ಹೊರಟೆ. ಬಾಣಂತಿ ಮದ್ದಿನ ಸಾಮಾನು ತಂದು, ಶಾರ್ಜಾಕ್ಕೆ ಹೋಗುವವರೊಬ್ಬರ ಕೈಯಲ್ಲಿ ಕಳಿಸಲಿಕ್ಕಿತ್ತು. ಪಿನ್ನು ಬಂತು. ಕಾರ್ಡು ತೆಗೆದೆ, ಅವಳ ಫೋನಿಗೆ ಹಾಕಿದೆ. ಆಮೇಲೆ ಇಷ್ಟು ವರ್ಷ ಮಾಡಿದ ಹಾಗೆಯೇ, ಅವಳ ಫೋನನ್ನು ಅವಳಿಗೆ ಕೊಟ್ಟು ನನ್ನದನ್ನು ಕಿಸೆಗೆ ಹಾಕಿಕೊಂಡೆ. ಕಾರ್ಡು ಬಂತಲ್ಲ ಎಂದು ಅವಳೂ ಸಮಾಧಾನದಿಂದ ಬಾವಿಕಟ್ಟೆಯಲ್ಲಿ ಕೂತಳು.

ಮದ್ದಿನ ಅಂಗಡಿಯವರು ಹಿಪ್ಪಲಿ ತೂಗುತ್ತಿದ್ದಾಗ ನನ್ನ ಕಿಸೆ ಗುಂಯ್‌ಗುಟ್ಟಿತು.

"ಅಪ್ಪಾ, ಅಮ್ಮ ಎಲ್ಲಿ?"

ಮಗಳ ಸ್ವರದ ಹಿಂದೆ ಇನ್ನೊಂದು ಸಣ್ಣ ಸ್ವರ. ಆದ ತಪ್ಪು ಏನೆಂದು ಆಗ ಹೊಳೆಯಿತು: ಮನೆ ಸಿಮ್ಮು ನನ್ನ ಕಿಸೆಯಲ್ಲೇ ಪೇಟೆಗೆ ಬಂದಿತ್ತು.

"ನೀನು ಕ್ಷೇಮವಾ?"

"ಇಬ್ಬರೂ ಕ್ಷೇಮ. ಅಪ್ಪಾ, ಮಗು..."

"ಸಾಕು. ಮುಂದೆ ಹೇಳಬೇಡ. ಫೋನಿಡು. ಅಮ್ಮ ಮಾಡ್ತಾಳೆ."

ಅಂಗಡಿಯವರ ಕೈ ತಕ್ಕಡಿಯಲ್ಲೇ ನಿಂತಿತು. "ಗಂಡಾ, ಹೆಣ್ಣಾ?"

"ಗೊತ್ತಿಲ್ಲ. ಕೇಳಲಿಲ್ಲ."

"ಎಂಥ ಮಾರಾಯ್ರೆ ನೀವು!"

ಕಾರ್ಡಾಗಿದ್ದರೆ ಕಾಗದದಲ್ಲಿ ಸುತ್ತಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟುಬಿಡಬಹುದಿತ್ತು. ಎಷ್ಟೋ ಸಲ ಕೊಟ್ಟಿದ್ದೇನೆ. ಇ-ಸಿಮ್ಮು ಹೋಗಬೇಕಾದರೆ ಫೋನೂ ಹೋಗಬೇಕು, ಹೊಸ ಫೋನನ್ನು ಹಾಗೆ ಕಳಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆಟೋ ಹಿಡಿದೆ. ದಾರಿಯಲ್ಲಿ ಅಳಿಯ ಫೋನು ಮಾಡಿದ, ಎತ್ತಲಿಲ್ಲ. ಮೆಸೇಜು ಹಾಕಿದ, ಫೋನನ್ನು ತೊಡೆಯ ಮೇಲೆ ಕವುಚಿ ಇಟ್ಟೆ.

"ಬೆಳಿಗ್ಗೆಯಿಂದ ಇದರಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ," ಎಂದಳು ಹೆಂಡತಿ, ಬಾವಿಕಟ್ಟೆಯಿಂದ ಏಳದೆ.

ನನ್ನ ಫೋನನ್ನು ಅವಳ ಕೈಗಿಟ್ಟೆ. "ಮಗಳು ಮಾಡಿದ್ದಳು. ಇಬ್ಬರೂ ಕ್ಷೇಮ. ಅದಕ್ಕಿಂತ ಹೆಚ್ಚು ನನಗೆ ಎಂಥದೂ ಗೊತ್ತಿಲ್ಲ."

"ನಾನು ನಂಬಬೇಕಾ?"

"ಮಗಳನ್ನೇ ಕೇಳು."

ಕೇಳಿದಳು. ತುಂಬ ಹೊತ್ತು ಮಾತಾಡಿದಳು, ನಕ್ಕಳು, ಸೆರಗಿನಲ್ಲಿ ಕಣ್ಣೊರಸಿದಳು. ನಾನು ಮದ್ದಿನ ಕಟ್ಟು ಹಿಡಿದು ನಿಂತಿದ್ದೆ. ಫೋನಿಟ್ಟವಳು ನನ್ನ ಕಡೆ ತಿರುಗದೆ ಇನ್ನೊಂದು ನಂಬರು ಒತ್ತಿದಳು. ಅದು ಅವಳ ತಂಗಿಯದು.

ಹೆಣ್ಣು ಮಗು, ಎರಡೂ ಮುಕ್ಕಾಲು ಕಿಲೋ ಎಂದು ಆಮೇಲೆ ನನಗೂ ಹೇಳಿದಳು.