ಮೇಣದಕ್ಕ ಎರಡನೇ ಸಲ ಬಣ್ಣ ಹಾಕಿದ್ದು

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ಮೇಣದಕ್ಕ. ರೋಗಿಯ ದೇಹದಿಂದ ಸೂಜಿಯಲ್ಲಿ ತೆಗೆದ ದಾರದಂಥ ಎಳೆಯನ್ನು ಮೇಣದಲ್ಲಿ ಕೂರಿಸಿ, ಯಂತ್ರದ ಅಲಗಿನಿಂದ ಕೂದಲಿಗಿಂತ ತೆಳ್ಳಗೆ ಸೀಳಿ, ಬೆಚ್ಚನೆಯ ನೀರಿನ ಮೇಲೆ ತೇಲಿಸಿ, ಗಾಜಿನ ಸ್ಲೈಡಿನ ಮೇಲೆತ್ತಿಕೊಳ್ಳುವುದು ಅವಳ ಕೆಲಸ. ಜೋರಾಗಿ ಉಸಿರು ಬಿಟ್ಟರೂ ತುಣುಕು ಹಾರಿಹೋದೀತು.

"ಅಲ್ಲಿ ಅಷ್ಟು ತೆಳ್ಳಗೆ ಕುಯ್ಯೋಳು, ಮನೇಲಿ ಈರುಳ್ಳಿ ಮಾತ್ರ ಇಟ್ಟಿಗೆ ಥರ ಹೆಚ್ತೀಯಲ್ಲೇ!" ಎಂದು ಗಂಡ ರೇಗಿಸುವುದಿತ್ತು.

"ಈರುಳ್ಳಿಗೆ ಯಾರೂ ರಿಪೋರ್ಟ್ ಬರೆಯಲ್ಲ, ಸುಮ್ನೆ ತಿನ್ನಿ," ಎಂದು ಅವಳು ಬಾಯಿ ಮುಚ್ಚಿಸುವುದೂ ಇತ್ತು.

ಒಂದು ಮಂಗಳವಾರ ಬಸ್ ಡ್ರೈವರೊಬ್ಬನ ಕಿಡ್ನಿಯ ತುಣುಕು ಬಂತು. ಎರಡು ವರ್ಷದ ಹಿಂದೆ ಒಡಹುಟ್ಟಿದ ಅಕ್ಕ ಕೊಟ್ಟಿದ್ದ ಕಿಡ್ನಿ ಅದು. ಈಗ ಕಾಲು ಊದಿಕೊಂಡು, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರುತ್ತಿತ್ತು. ಕಸಿ ಮಾಡಿದ ಕಿಡ್ನಿಯನ್ನು ದೇಹ ಪರಕೀಯವೆಂದು ಬಗೆದರೆ ಅದರ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಅವು ದಾಳಿ ಮಾಡಿದ ಕಡೆ, ಸಣ್ಣ ರಕ್ತನಾಳಗಳ ಗೋಡೆಯಲ್ಲಿ, ಸಿ-ಫೋರ್-ಡಿ ಎಂಬ ಗುರುತು ಅಂಟಿಕೊಂಡು ಉಳಿಯುತ್ತದೆ. ಬಣ್ಣ ಹಾಕಿದರೆ ಕಂದಾಗಿ ಕಾಣುತ್ತದೆ. ಡ್ರೈವರನ ತುಣುಕಿನಲ್ಲಿ ಕಂದು ಕಾಣಲಿಲ್ಲ. ಲ್ಯಾಬಿಗೆ ಹೊಸದಾಗಿ ಸೇರಿದ ಡಾಕ್ಟರಮ್ಮ 'ಗುರುತು ಇಲ್ಲ' ಎಂದು ಬರೆದು ಕಳಿಸಿದರು.

ಮರುದಿನ ಬೆಳಿಗ್ಗೆ ಮೇಣದಕ್ಕ ಸ್ಲೈಡುಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದಳು. ರೋಗಿಯ ತುಣುಕಿನ ಜೊತೆಗೆ ಪ್ರತಿ ಸಲವೂ, ಬಣ್ಣ ಹಿಡಿಯಲೇಬೇಕಾದ ಹಳೆಯ ತುಣುಕೊಂದನ್ನು ಸೇರಿಸುವುದು ವಾಡಿಕೆ. ಅದು ಕಂದಾದರೆ ಮಾತ್ರ ಕೆಲಸ ಸರಿಯಾಗಿದೆ ಎಂದರ್ಥ. ನಿನ್ನೆಯದು ನೀರು ಹೆಚ್ಚಾದ ಚಹಾದಂತೆ ಪೇಲವವಾಗಿತ್ತು. ಅವಳಿಗೆ ನಿನ್ನೆಯ ಕೆಲಸ ನೆನಪಾಯಿತು. ಬಣ್ಣ ಹಿಡಿಯಲೆಂದು ಮೊದಲು ಸ್ಲೈಡನ್ನು ಬಿಸಿನೀರಲ್ಲಿ ಕಾಯಿಸುವ ಪಾತ್ರೆಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ನೋಡಿಯೂ ಅವಸರದಲ್ಲಿ ಬಿಟ್ಟಿದ್ದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸ್ಟೂಲಿನ ಮೇಲೆ ಐದು ನಿಮಿಷ ಕೈಕಟ್ಟಿ ಕೂತಳು. ಆಮೇಲೆ ಡಾಕ್ಟರಮ್ಮನ ಕೋಣೆಗೆ ಹೋದಳು.

"ಮೇಡಂ, ನಿನ್ನೆ ಡ್ರೈವರ್‌ದು ತಪ್ಪಾಗಿದೆ. ನೀರು ಕಾದಿರ್ಲಿಲ್ಲ. ತಪ್ಪು ನಂದೇ."

ಡಾಕ್ಟರಮ್ಮನ ಮುಖ ಸಪ್ಪಗಾಯಿತು. "ಅಯ್ಯೋ ಅಕ್ಕ, ಇವತ್ತು ಅವರನ್ನ ಮನೆಗೆ ಕಳಿಸ್ತಿದ್ದಾರೆ!" ಎಂದವರೇ ವಾರ್ಡಿಗೆ ಫೋನ್ ಮಾಡಿ ತಡೆದರು. ಫೋನ್ ಇಟ್ಟ ಮೇಲೆ, "ಆ ಹಳೇ ತುಣುಕಿನ ಸ್ಲೈಡ್ ನಾನೂ ನೋಡ್ಬೇಕಿತ್ತು. ನಡೀರಿ, ಮತ್ತೆ ಮಾಡೋಣ," ಎಂದರು.

ಮೇಣದಲ್ಲಿ ಇನ್ನೂ ಒಂದಿಷ್ಟು ಎಳೆ ಉಳಿದಿತ್ತು. ಮೇಣದಕ್ಕ ಊಟ ಬಿಟ್ಟು ಪಾತ್ರೆಯ ಮುಂದೆಯೇ ನಿಂತಳು. ಮಧ್ಯಾಹ್ನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ನಾಳನಾಳಕ್ಕೂ ಕಂದು ಉಂಗುರ. ಸಂಜೆಯೊಳಗೆ ಚಿಕಿತ್ಸೆ ಶುರುವಾಯಿತು. ಯಂತ್ರದಲ್ಲಿ ರಕ್ತ ಹಾಯಿಸಿ ಆ ಪ್ರತಿಕಾಯಗಳನ್ನು ತೆಗೆಯತೊಡಗಿದರು.

ರೋಗಿಗಳ ಮುಖವನ್ನೇ ನೋಡದೆ ಇಷ್ಟು ವರ್ಷ ಕಳೆದಿದ್ದವಳು ಅಂದು ವಾರ್ಡಿಗೆ ಹೋದಳು. ಡ್ರೈವರ್ ಮಲಗಿದ್ದ. ಹೊರಗಿನ ಬೆಂಚಿನ ಮೇಲೆ ಅವನ ಅಕ್ಕ ಕೂತಿದ್ದಳು. ಪಕ್ಕದಲ್ಲಿ ಕಟ್ಟಿಟ್ಟ ಬ್ಯಾಗು ಇನ್ನೂ ಹಾಗೇ ಇತ್ತು.

"ನಾನು ಕೆಳಗಡೆ ಲ್ಯಾಬಿನೋಳಮ್ಮ. ನಿನ್ನೆ ನನ್ನ ಕೈಯಿಂದಲೇ ತಪ್ಪಾಯ್ತು, ಅದಕ್ಕೆ ಚಿಕಿತ್ಸೆ ಒಂದು ದಿನ ತಡ ಆಯ್ತು."

ಅಕ್ಕ ಕೋಪ ಮಾಡಿಕೊಳ್ಳಲಿಲ್ಲ. ತಗ್ಗಿದ ದನಿಯಲ್ಲಿ, "ನಾನು ಕೊಟ್ಟಿದ್ದೇ ಕೆಟ್ಟದಾಗಿತ್ತೇನೋ ಅಂತ ಎರಡು ವಾರದಿಂದ ಒಳಗೊಳಗೇ ಬೇಯ್ತಿದೀನಿ. ಯಾರನ್ನ ಕೇಳೋದು?" ಎಂದಳು.

"ಛೆ, ಹಾಗನ್ಬೇಡಿ! ನಾನೇ ಕಣ್ಣಾರೆ ನೋಡಿದೀನಿ. ನಿಮ್ಮ ಕಿಡ್ನಿದು ತಪ್ಪಿಲ್ಲ. ಅವನ ಮೈಗೆ ಅಕ್ಕನ ಗುರುತು ಸಿಕ್ಕಿಲ್ಲ, ಅಷ್ಟೇ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕುಬಿಟ್ಟಳು. "ಚಿಕ್ಕವನಿದ್ದಾಗ್ಲೂ ಹಾಗೇ. ನನ್ನ ಕಂಡ್ರೆ ಜಗಳಕ್ಕೆ ನಿಲ್ತಿದ್ದ."

ಕ್ರಿಯಾಟಿನಿನ್ ಇಳಿಯಲು ಮೂರು ವಾರ ಬೇಕಾಯಿತು. ಪೂರ್ತಿ ಮೊದಲಿನಂತಾಗಲಿಲ್ಲ, ಆದರೆ ಕಾಲಿನ ಊತ ಹೋಯಿತು, ಡ್ರೈವರ್ ಮನೆಗೆ ಹೋದ. ಮೂರು ತಿಂಗಳಿಗೆ ಅವನದೇ ಮತ್ತೊಂದು ತುಣುಕು ಬಂದಾಗ ಕಂದು ಉಂಗುರಗಳು ಅಲ್ಲೊಂದು ಇಲ್ಲೊಂದು ಮಾತ್ರ ಉಳಿದಿದ್ದವು. ಡಾಕ್ಟರಮ್ಮನೂ ಅವಳೂ ಸರದಿಯಂತೆ ಎರಡೆರಡು ಸಲ ನೋಡಿದರು.

"ತುಂಬಾ ಕಮ್ಮಿಯಾಗಿದೆ. ಅವರಿಗೆ ನೀವೇ ಹೋಗಿ ಹೇಳಿ, ಅಕ್ಕ," ಎಂದರು ಡಾಕ್ಟರಮ್ಮ.

ಮೇಣದಕ್ಕ ಕೈಗವಸು ಕಳಚಿ ಮೆಟ್ಟಿಲು ಹತ್ತಿದಳು. ಮಾತ್ರೆ ತಪ್ಪಿಸಿದ್ದಕ್ಕೆ ಅಕ್ಕ ತಮ್ಮನಿಗೆ ಬೈಯುತ್ತಿದ್ದ ದನಿ ವಾರ್ಡಿನ ಬಾಗಿಲಾಚೆಗೂ ಕೇಳುತ್ತಿತ್ತು.