ಬದುವಿನಡಿ ಮಲಗಿದ ಕೂಸು

ಮಸ್ಕಿ ದಾಟಿ ಸಿಂಧನೂರು ರಸ್ತೆಗೆ ಹತ್ತಿದ ಆ ಹೊಲದಲ್ಲಿ ಸೋಲಾರ್ ಕಂಬಗಳು ಏಳುವ ಮೊದಲು, ನೆಲದಡಿ ಹಳೆಯದೇನಾದರೂ ಇದೆಯೋ ಎಂದು ಅಲ್ಲಲ್ಲಿ ಉದ್ದನೆಯ ತಗ್ಗು ತೋಡಿ ನೋಡುವುದು ನಮ್ಮ ಕೆಲಸ. ಲಿಂಗಸುಗೂರಿನ ಲಾಡ್ಜಿನಿಂದ ಬೆಳಗಿನ ಬಸ್ಸು ಹತ್ತಿದರೆ ಅರ್ಧ ನಿದ್ದೆ ಬಸ್ಸಿನಲ್ಲಿ, ಇನ್ನರ್ಧ ಹೊಲದಲ್ಲಿ. ಕರಿಮಣ್ಣು ಮೆಲ್ಲಗೆ ಬೂದಿಬಣ್ಣಕ್ಕೆ ತಿರುಗುವುದನ್ನು ನೋಡುತ್ತ ಕೂತರೆ ಯಾವ ಕಾಲದಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಆ ಮರೆವು ನನಗೆ ಇಷ್ಟವಾಗಿತ್ತು.

ಮಣ್ಣು ಹೊರುವ ಹೆಂಗಸರಲ್ಲಿ ಒಬ್ಬಳು ಆ ಹೊಲದವಳೇ. ದಿನಾ ಬಂದವಳೇ, ತಗ್ಗಿನ ಗುರುತಿಗೆ ಕಟ್ಟುವ ದಾರವನ್ನು ಇವತ್ತು ಯಾವ ಕಡೆ ಹಿಡಿಯುತ್ತೀರಿ ಎಂದು ಕೇಳುತ್ತಿದ್ದಳು. ಇವಳಿಗ್ಯಾಕೆ ಈ ಉಸಾಬರಿ ಎಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ. ದಾರ ಬದುವಿನ ಬೇವಿನ ಗಿಡದತ್ತ ಹೊರಟ ದಿನ ಅವಳು ಬುಟ್ಟಿ ಇಳಿಸಿ ಅಡ್ಡ ನಿಂತಳು. ಹಲ್ಲು ಮೂಡದ ಕೂಸು ತೀರಿದರೆ ಅವರಲ್ಲಿ ಸುಡುವುದಿಲ್ಲ. ಹೊಲದ ಬದುವಿನಲ್ಲಿ ಹೂಳಿ ಮೇಲೆ ಹಾಲು ಹೊಯ್ಯುತ್ತಾರೆ. ಅವಳ ಮೊದಲ ಮಗಳು ಅಲ್ಲಿದ್ದಳು.

"ಅಲ್ಲಿ ಗುದ್ದಲಿ ಹಾಕಬ್ಯಾಡ್ರೀ," ಎಂದಳು.

ನನ್ನ ಸಿಡುಕಿಗೆ ನನಗೇ ನಾಚಿಕೆಯಾಯಿತು. ದಾರವನ್ನು ಮಗ್ಗುಲಿಗೆ ಸರಿಸಿದೆವು.

ಸರಿಸಿದಲ್ಲೇ ಹಳೆಯ ಬೂದಿಮಣ್ಣಿನೊಳಗೆ ಒಂದು ಗಡಿಗೆ ಸಿಕ್ಕಿತು. ಅದರಲ್ಲಿ ಕಾಲು ಮಡಿಚಿ ಮಲಗಿಸಿದ ಕೂಸಿನ ಎಲುಬು. ಸಾವಿರಾರು ವರ್ಷದ್ದು, ಆಗ ಮನೆಯ ನೆಲದಡಿಯೇ ಹೀಗೆ ಹೂಳುತ್ತಿದ್ದರು ಎಂದು ಅವಳಿಗೆ ಹೇಳಿದೆ. ಮಧ್ಯಾಹ್ನವೆಲ್ಲ ಬ್ರಶ್ಶಿನಿಂದ ಮಣ್ಣು ಬಿಡಿಸಿದೆ. ಗಾಳಿ ಬಿದ್ದುಹೋಗಿತ್ತು, ಹೊಲವೇ ಕಣ್ಣು ಮುಚ್ಚಿದ ಹಾಗಿತ್ತು. ಅವಳು ಬುತ್ತಿ ಬಿಚ್ಚದೆ ತಗ್ಗಿನ ಅಂಚಿನಲ್ಲಿ ಕೂತು ನೋಡಿದಳು. ಎಲುಬನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ ಮೇಲೆ, ಕಂಬದ ಕುಣಿ ತೋಡುವ ಮಷೀನು ಬದುವಿಗೂ ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಎಂದೆ. ಸುಳ್ಳು ಹೇಳಲಾಗಲಿಲ್ಲ.

"ಹಂಗಾರ ನನ್ನ ಕೂಸನ್ನೂ ಹಿಂಗ ತಗದು ಕೊಡ್ರೀ."

ಮನೆಯವರು ಒಪ್ಪಿದರು, ಊರ ಹಿರಿಯರೂ ಆಗಲಿ ಎಂದರು. ಬೇವಿನ ನೆರಳಿನಲ್ಲಿ ಮಂಡಿಯೂರಿ ಬೆಳಗಿನಿಂದ ಪದರ ಪದರವಾಗಿ ಮಣ್ಣು ಬಿಡಿಸಿದೆ. ಅಲ್ಲಿ ಗಡಿಗೆ, ಬೂದಿ ಕಾಪಾಡಿದ ಹಾಗೆ ಇಲ್ಲಿ ಬರೀ ಕರಿಮಣ್ಣು ಎಳೆಯ ಎಲುಬನ್ನು ಉಳಿಸಿರಲಿಲ್ಲ. ಸುತ್ತಲಿನದಕ್ಕಿಂತ ಮೆತ್ತಗಿನ, ಮೊಳದುದ್ದದ ಮಣ್ಣು ಮಾತ್ರ ಅಲ್ಲಿತ್ತು. ಏನೂ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಇಗೋ, ಇಲ್ಲಿದೆ ಎಂದೆ.

ಅವಳು ತಗ್ಗಿಗೆ ಇಳಿದು ಅಷ್ಟೂ ಮಣ್ಣನ್ನು ಸೆರಗಿಗೆ ತುಂಬಿಕೊಂಡು ಗಂಟು ಕಟ್ಟಿದಳು. ಒಂದು ಕೈಯನ್ನು ಗಂಟಿನ ಅಡಿಗೆ, ಇನ್ನೊಂದನ್ನು ತಲೆ ಇರಬೇಕಾದ ಕಡೆಗೆ ಕೊಟ್ಟು, ಎದೆಗೆ ಅವಚಿಕೊಂಡು ಊರ ಕಡೆ ನಡೆದಳು.